ಇಸಿಜಿಯ ಜನಕ ವಿಲೆಮ್ ಐಂಥೋವನ್ ಮತ್ತು ಉಪ್ಪುನೀರಿನ ಪಾತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನದ ಬಗ್ಗೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ ನನಗೆ ಮೊದಲು ನೆನಪಾದ ಹೆಸರು ವಿಲೆಮ್ ಐಂಥೋವನ್. ಈ ಹೆಸರನ್ನು ನಮ್ಮೂರಿನ ಕಡೆ ಹೆಚ್ಚು ಜನ ಕೇಳಿರಲಾರರು. ಆದರೆ ಅವರು ಮಾಡಿದ ಕೆಲಸದ ಪರಿಚಯವಿಲ್ಲದ ಮನೆ ಇಲ್ಲ. ಎದೆನೋವು ಎಂದು ತಾಲ್ಲೂಕು ಆಸ್ಪತ್ರೆಗೆ ಹೋದರೆ ಮೊದಲು ಮಾಡುವ ಪರೀಕ್ಷೆ ಇಸಿಜಿ. ಕೈಕಾಲುಗಳಿಗೆ ಕ್ಲಿಪ್ಪು, ಎದೆಯ ಮೇಲೆ ರಬ್ಬರ್ ಗುಂಡಿನ ಸಣ್ಣ ಬಟ್ಟಲುಗಳು, ತಣ್ಣನೆಯ ಜೆಲ್, ಕೊನೆಗೆ ಚೌಕುಳಿ ಗೆರೆಗಳಿರುವ ಉದ್ದನೆಯ ಕಾಗದ. ಇದನ್ನೆಲ್ಲ ನಾವು ನೋಡಿದ್ದೇವೆ. ಇದರ ಮೂಲಪುರುಷರು ಐಂಥೋವನ್.

ಇವರನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ನಾನು ಈ ಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಮುಂದೆ ಬಿ.ಇ. ಓದಿ, ಈಗ ಆಸ್ಪತ್ರೆಯ ಮಾನಿಟರ್‌ಗಳಿಗೆ ಸಾಫ್ಟ್‌ವೇರ್ ಬರೆಯುವ ಕೆಲಸದಲ್ಲಿದ್ದೇನೆ. ಅದರಲ್ಲಿ ನನ್ನ ಪಾಲಿನದು ಒಂದು ಚಿಕ್ಕ ಭಾಗ. ರೋಗಿಯ ಮೈಗೆ ಅಂಟಿಸಿದ ಎಲೆಕ್ಟ್ರೋಡ್ ಸರಿಯಾಗಿ ಕೂತಿದೆಯೇ, ಸಡಿಲವಾಗಿದೆಯೇ, ಪೂರ್ತಿ ಕಳಚಿಕೊಂಡಿದೆಯೇ ಎಂದು ಯಂತ್ರವೇ ಕಂಡುಹಿಡಿಯುವಂತೆ ಮಾಡುವುದು. ಮಾನಿಟರ್ ಪರದೆಯ ಮೇಲೆ ಹಸಿರು ಗೆರೆ ನೇರವಾಗಿ ಮಲಗಿದರೆ ಅದಕ್ಕೆ ಎರಡು ಅರ್ಥಗಳಿರಬಹುದು. ಒಂದು, ಹೃದಯ ನಿಂತಿದೆ. ಎರಡು, ವೈರು ಕಳಚಿದೆ. ಮೊದಲನೆಯದಾದರೆ ಒಂದೊಂದು ಸೆಕೆಂಡೂ ಪ್ರಾಣದ ಬೆಲೆಯದು. ಎರಡನೆಯದಾದರೆ ಒಂದು ಕ್ಲಿಪ್ಪು ಹಾಕಿದರೆ ಮುಗಿಯಿತು. ಎರಡರ ನಡುವೆ ಗೊಂದಲವಾಗಬಾರದು. ಐಂಥೋವನ್ ಅವರ ಜೀವನವನ್ನು ಓದುತ್ತಾ ಹೋದಂತೆ, ಈ ಪ್ರಶ್ನೆಯ ಬೇರು ಅವರ ಪ್ರಯೋಗಾಲಯದಲ್ಲೇ ಇದೆ ಎಂದು ನನಗೆ ತಿಳಿಯಿತು. ಆದ್ದರಿಂದ ಅವರ ಜೀವನದ ಜೊತೆಗೆ ಈ ಪ್ರಶ್ನೆಯ ಕಥೆಯನ್ನೂ ಹೇಳುತ್ತೇನೆ.

ಬಾಲ್ಯ ಮತ್ತು ವಿದ್ಯಾಭ್ಯಾಸ

ವಿಲೆಮ್ ಐಂಥೋವನ್ ಹುಟ್ಟಿದ್ದು 1860ರ ಮೇ 21ರಂದು, ಜಾವಾ ದ್ವೀಪದ ಸೆಮರಾಂಗ್ ಎಂಬ ಊರಿನಲ್ಲಿ. ಈಗಿನ ಇಂಡೋನೇಷ್ಯಾ ಆಗ ಡಚ್ಚರ ವಸಾಹತು. ತಂದೆ ಅಲ್ಲಿ ವೈದ್ಯರಾಗಿದ್ದರು. ವಿಲೆಮ್ ಇನ್ನೂ ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. ಆರು ಮಕ್ಕಳ ತಾಯಿ ಎದೆಗುಂದಲಿಲ್ಲ. 1870ರಲ್ಲಿ ಮಕ್ಕಳನ್ನೆಲ್ಲ ಕರೆದುಕೊಂಡು ಸಮುದ್ರ ದಾಟಿ ಹಾಲೆಂಡಿಗೆ ಬಂದು ಉಟ್ರೆಕ್ಟ್ ನಗರದಲ್ಲಿ ನೆಲೆಸಿದರು. ಗಂಡುಮಕ್ಕಳಲ್ಲಿ ವಿಲೆಮ್ ಅವರೇ ಹಿರಿಯರು.

1878ರಲ್ಲಿ ಅವರು ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದಲು ಸೇರಿದರು. ತಂದೆಯಂತೆ ತಾವೂ ವೈದ್ಯರಾಗಬೇಕೆಂಬುದು ಆಸೆ. ಮನೆಯಲ್ಲಿ ಹಣದ ಅನುಕೂಲ ಹೆಚ್ಚಿರಲಿಲ್ಲ. ಓದು ಮುಗಿದ ಮೇಲೆ ವಸಾಹತಿನಲ್ಲಿ ಸೇನೆಯ ವೈದ್ಯರಾಗಿ ದುಡಿಯುತ್ತೇನೆ ಎಂಬ ಕರಾರಿನ ಮೇಲೆ ಸರ್ಕಾರದ ನೆರವು ಪಡೆದು ಓದಿದರು. ಓದಿನಷ್ಟೇ ಆಟದಲ್ಲೂ ಮುಂದು. ಅಂಗಸಾಧನೆ, ಕತ್ತಿವರಸೆ, ದೋಣಿ ಹುಟ್ಟು ಹಾಕುವುದು ಎಲ್ಲದರಲ್ಲೂ ಅವರಿಗೆ ಉತ್ಸಾಹ. ಒಮ್ಮೆ ಬಿದ್ದು ಮಣಿಕಟ್ಟು ಮುರಿದುಕೊಂಡು ಕೋಣೆಯಲ್ಲಿ ಕೂರಬೇಕಾಯಿತು. ಆ ಬಿಡುವಿನಲ್ಲಿ ಅಂಗೈಯನ್ನು ಮೇಲೆ ಕೆಳಗೆ ತಿರುಗಿಸುವಾಗ ಭುಜ ಮತ್ತು ಮೊಣಕೈಯ ಕೀಲುಗಳು ಹೇಗೆ ಕೆಲಸ ಮಾಡುತ್ತವೆ ಎಂದು ಯೋಚಿಸತೊಡಗಿದರು. ಮೊಣಕೈಯ ಕೀಲಿನ ಬಗ್ಗೆ ಅವರು ಮಾಡಿದ ಅಧ್ಯಯನ ಹುಟ್ಟಿದ್ದು ಹೀಗೆ.

1885ರಲ್ಲಿ ಡಾಕ್ಟರೇಟ್ ಪಡೆದರು. ವಿಷಯ, ಬಣ್ಣಗಳ ವ್ಯತ್ಯಾಸದಿಂದ ಕಣ್ಣಿಗೆ ವಸ್ತುಗಳು ಹತ್ತಿರ ದೂರ ಕಾಣುವ ಬಗೆ. ಅದೇ ವರ್ಷ ಲೈಡನ್ ವಿಶ್ವವಿದ್ಯಾಲಯ ಅವರನ್ನು ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕರನ್ನಾಗಿ ಆರಿಸಿತು. ಆಗ ಅವರಿಗೆ ವಯಸ್ಸು ಕೇವಲ 25. ಸೇನೆಯ ಕೆಲಸಕ್ಕೆ ಹೋಗದೆ ಈ ಹುದ್ದೆ ಒಪ್ಪಿಕೊಂಡದ್ದರಿಂದ ಪಡೆದ ನೆರವಿನ ಹಣವನ್ನು ಸರ್ಕಾರಕ್ಕೆ ಹಿಂದಿರುಗಿಸಬೇಕಾಯಿತು. 1886ರಲ್ಲಿ ಲೈಡನ್ನಿಗೆ ಬಂದವರು ಕೊನೆಯವರೆಗೂ, ಅಂದರೆ ನಲವತ್ತೊಂದು ವರ್ಷ, ಅಲ್ಲಿಯೇ ಉಳಿದರು. ಅದೇ ವರ್ಷ ಮದುವೆಯೂ ಆಯಿತು. ದಂಪತಿಗೆ ನಾಲ್ವರು ಮಕ್ಕಳು.

ಜಿಮ್ಮಿ ಎಂಬ ನಾಯಿ

ಹೃದಯ ಬಡಿಯುವಾಗ ಅದರಲ್ಲಿ ಅತಿ ಸಣ್ಣ ವಿದ್ಯುತ್ ಹುಟ್ಟುತ್ತದೆ ಎಂಬ ಸಂಗತಿ ಐಂಥೋವನ್ ಅವರಿಗಿಂತ ಮೊದಲೇ ಗೊತ್ತಿತ್ತು. ಆದರೆ ಎದೆ ಸೀಳದೆ, ಮನುಷ್ಯನ ಚರ್ಮದ ಮೇಲಿನಿಂದಲೇ ಅದನ್ನು ಮೊದಲು ದಾಖಲಿಸಿದವರು ಲಂಡನ್ನಿನ ಅಗಸ್ಟಸ್ ವಾಲರ್. ಅದು 1887ರಲ್ಲಿ. ವಾಲರ್ ಅವರಿಗೆ ಜಿಮ್ಮಿ ಎಂಬ ಬುಲ್‌ಡಾಗ್ ಇತ್ತು. ಅದರ ಪಾದಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟು ನಿಲ್ಲಿಸಿ, ಆ ನೀರಿನಿಂದ ಯಂತ್ರಕ್ಕೆ ತಂತಿ ಎಳೆದು, ಸಭೆಯ ಮುಂದೆ ಅದರ ಹೃದಯದ ವಿದ್ಯುತ್ತನ್ನು ತೋರಿಸುತ್ತಿದ್ದರು. ಇದು ಪ್ರಾಣಿಹಿಂಸೆ ಎಂದು 1909ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಪ್ರಶ್ನೆ ಎದ್ದಿತು. ನಾಯಿ ನಿಂತಿದ್ದು ಸ್ವಲ್ಪ ಅಡುಗೆ ಉಪ್ಪು ಕದಡಿದ ನೀರಿನಲ್ಲಿ, ಸಮುದ್ರದಲ್ಲಿ ಕಾಲಾಡಿಸಿದಷ್ಟೇ ಅದಕ್ಕೆ ಅನ್ನಿಸಿರುತ್ತದೆ ಎಂಬ ಅರ್ಥದ ಉತ್ತರವನ್ನು ಮಂತ್ರಿಗಳು ಕೊಟ್ಟರು.

1889ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ನಡೆದ ಶರೀರಕ್ರಿಯಾ ವಿಜ್ಞಾನಿಗಳ ಮೊದಲ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ವಾಲರ್ ಅವರ ಪ್ರಯೋಗವನ್ನು ಐಂಥೋವನ್ ನೋಡಿದರು. ಇದು ಆಸ್ಪತ್ರೆಯಲ್ಲಿ ದೊಡ್ಡ ಉಪಯೋಗಕ್ಕೆ ಬಂದೀತು ಎಂದು ಸ್ವತಃ ವಾಲರ್ ಅವರಿಗೇ ನಂಬಿಕೆ ಇರಲಿಲ್ಲ. ಐಂಥೋವನ್ ಮಾತ್ರ ಬಿಡಲಿಲ್ಲ.

ಆಗ ಇದ್ದ ಸಾಧನ ಕ್ಯಾಪಿಲರಿ ಎಲೆಕ್ಟ್ರೋಮೀಟರ್. ಕೂದಲಿನಂಥ ರಂಧ್ರವಿರುವ ಗಾಜಿನ ನಳಿಕೆಯಲ್ಲಿ ಪಾದರಸ, ಅದರ ಮೇಲೆ ಆಮ್ಲ. ವಿದ್ಯುತ್ತು ತಾಗಿದಾಗ ಪಾದರಸದ ಮಟ್ಟ ಕೊಂಚ ಅಲುಗುತ್ತದೆ. ಆದರೆ ಪಾದರಸ ಭಾರವಾದ ವಸ್ತು. ಹೃದಯದ ವಿದ್ಯುತ್ತು ಏರಿ ಇಳಿದಷ್ಟು ಬೇಗ ಅದಕ್ಕೆ ಏರಿಳಿಯಲು ಆಗುವುದಿಲ್ಲ. ಹೀಗಾಗಿ ಸಿಗುವ ಚಿತ್ರ ಮಸುಕು, ಸೋಮಾರಿ. ಬೇರೆಯವರಾಗಿದ್ದರೆ ಇಷ್ಟೇ ಸಿಗುವುದು ಎಂದು ಸುಮ್ಮನಾಗುತ್ತಿದ್ದರು. ಐಂಥೋವನ್ ಕಾಗದ ಪೆನ್ಸಿಲ್ ಹಿಡಿದು, ಪಾದರಸ ಎಷ್ಟು ತಡ ಮಾಡುತ್ತದೆ ಎಂದು ಲೆಕ್ಕ ಹಾಕಿ, ತಡವಿಲ್ಲದಿದ್ದರೆ ಗೆರೆ ಹೇಗಿರುತ್ತಿತ್ತು ಎಂದು ಗಣಿತದಿಂದ ಬಿಡಿಸಿದರು. ಯಂತ್ರ ಬರೆದ ಗೆರೆಯ ಏರಿಳಿತಗಳಿಗೆ ಎ, ಬಿ, ಸಿ, ಡಿ ಎಂದು ಹೆಸರಿದ್ದವು. ಗೊಂದಲವಾಗದಿರಲೆಂದು ಲೆಕ್ಕದಿಂದ ಬಂದ ಹೊಸ ಗೆರೆಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಕರೆದರು. ಇದು 1895ರ ಮಾತು. ಇಂದಿಗೂ ಪ್ರಪಂಚದ ಎಲ್ಲ ವೈದ್ಯರು ಬಳಸುವುದು ಇದೇ ಅಕ್ಷರಗಳನ್ನು.

ಬೆಣಚುಕಲ್ಲಿನ ಎಳೆ

ಪ್ರತಿ ರೋಗಿಗೂ ಹೀಗೆ ಲೆಕ್ಕ ಹಾಕುತ್ತಾ ಕೂರಲು ಸಾಧ್ಯವಿಲ್ಲ. ನೇರವಾಗಿ ಸರಿಯಾದ ಗೆರೆ ಬರೆಯುವ ಸಾಧನವೇ ಬೇಕು. ನಮ್ಮ ಹತ್ತನೇ ತರಗತಿಯ ವಿಜ್ಞಾನದಲ್ಲಿ ಫ್ಲೆಮಿಂಗ್ ಅವರ ಎಡಗೈ ನಿಯಮ ಬರುತ್ತದೆ. ಕಾಂತಕ್ಷೇತ್ರದಲ್ಲಿರುವ ತಂತಿಯಲ್ಲಿ ವಿದ್ಯುತ್ತು ಹರಿದರೆ ತಂತಿ ಪಕ್ಕಕ್ಕೆ ಸರಿಯುತ್ತದೆ ಎಂಬುದು ಅದರ ಸಾರ. ಐಂಥೋವನ್ ಹಿಡಿದದ್ದು ಇದೇ ತತ್ವವನ್ನು. ತಂತಿ ಹಗುರವಾದಷ್ಟೂ ಬೇಗ ಸರಿಯುತ್ತದೆ. ಹಾಗಾದರೆ ತೂಕವೇ ಇಲ್ಲದಂಥ ತಂತಿ ಬೇಕು.

ಅದಕ್ಕಾಗಿ ಅವರು ಬೆಣಚುಕಲ್ಲನ್ನು ಕರಗಿಸಿ ಎಳೆದ ದಾರವನ್ನು ಬಳಸಿದರು. ದಾರ ಎಳೆಯುವ ವಿಧಾನ ಕೇಳಿದರೆ ಆಶ್ಚರ್ಯವಾಗುತ್ತದೆ. ಕರಗಿದ ಬೆಣಚುಕಲ್ಲನ್ನು ಬಾಣದ ಹಿಂಬದಿಗೆ ಅಂಟಿಸಿ ಬಿಲ್ಲಿನಿಂದ ಬಿಡುವುದು. ಬಾಣ ಹಾರಿದಂತೆ ಹಿಂದೆ ಸೂಕ್ಷ್ಮವಾದ ಎಳೆ ಎಳೆದುಕೊಳ್ಳುತ್ತದೆ. ಈ ಉಪಾಯ ಇಂಗ್ಲೆಂಡಿನ ಬಾಯ್ಸ್ ಎಂಬ ಭೌತವಿಜ್ಞಾನಿಯದು. ಹೀಗೆ ಸಿಕ್ಕ ಎಳೆಯ ದಪ್ಪ ಒಂದು ಮಿಲಿಮೀಟರಿನ ಸಾವಿರದ ಎರಡು ಮೂರು ಭಾಗ ಮಾತ್ರ. ನಮ್ಮ ತಲೆಗೂದಲಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ತೆಳು. ವಿದ್ಯುತ್ತು ಹರಿಯಲೆಂದು ಅದಕ್ಕೆ ಬೆಳ್ಳಿಯ ಲೇಪ ಕೊಟ್ಟು, ಬಲವಾದ ವಿದ್ಯುತ್ಕಾಂತದ ಎರಡು ಧ್ರುವಗಳ ನಡುವೆ ಬಿಗಿದರು. ಎಳೆಯ ನೆರಳನ್ನು ಸೂಕ್ಷ್ಮದರ್ಶಕದಿಂದ ನೂರಾರು ಪಟ್ಟು ಹಿಗ್ಗಿಸಿ, ಚಲಿಸುವ ಫೋಟೋ ಗಾಜಿನ ಮೇಲೆ ಬೀಳಿಸಿದರು. 1901ರಲ್ಲಿ ಈ ಸಾಧನದ ಮೊದಲ ವಿವರ ಪ್ರಕಟವಾಯಿತು. ಅದೇ ಸ್ಟ್ರಿಂಗ್ ಗ್ಯಾಲ್ವನೋಮೀಟರ್.

ಎಳೆಗೆ ತೂಕವಿಲ್ಲದಿದ್ದರೂ ಯಂತ್ರ ಮಾತ್ರ ಆನೆಯಂಥದ್ದು. ತೂಕ ಸುಮಾರು 270 ಕಿಲೋ, ಎರಡು ಕೋಣೆಗಳ ತುಂಬ ಹರಡಿಕೊಂಡಿತ್ತು, ನಡೆಸಲು ಐದು ಜನ ಬೇಕಿತ್ತು. ಕಾಂತ ಬಿಸಿಯಾಗದಂತೆ ನೀರು ಹರಿಸಬೇಕಿತ್ತು. ಆದರೆ ಅದು ಬರೆದ ಗೆರೆಯನ್ನು ನೋಡಿದಾಗ ಐಂಥೋವನ್ ಅವರ ಎಷ್ಟೋ ವರ್ಷದ ಶ್ರಮ ಸಾರ್ಥಕವಾಯಿತು. ಹಿಂದೆ ಬರೀ ಲೆಕ್ಕದಿಂದ ಬಿಡಿಸಿದ್ದ ಪಿ, ಕ್ಯೂ, ಆರ್, ಎಸ್, ಟಿ ಗೆರೆಯೇ ಈಗ ಯಂತ್ರದಿಂದ ನೇರವಾಗಿ ಬಂದಿತ್ತು.

ಉಪ್ಪುನೀರು ಏಕೆ?

ಈಗ ನಾನು ಹೇಳಬೇಕೆಂದುಕೊಂಡ ಮುಖ್ಯ ಮಾತಿಗೆ ಬರುತ್ತೇನೆ. ಎಷ್ಟೇ ಸೂಕ್ಷ್ಮವಾದ ಎಳೆಯಿದ್ದರೂ ಹೃದಯದ ವಿದ್ಯುತ್ತು ಅಲ್ಲಿಯವರೆಗೆ ಬರಬೇಕಲ್ಲ? ದಾರಿಯಲ್ಲಿ ಚರ್ಮವಿದೆ.

ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡ ಎಂದು ಮನೆಯಲ್ಲಿ ಹಿರಿಯರು ಗದರುತ್ತಾರೆ. ಕಾರಣ ಇಷ್ಟೇ. ಒಣ ಚರ್ಮ ವಿದ್ಯುತ್ತನ್ನು ಸುಲಭವಾಗಿ ಬಿಡುವುದಿಲ್ಲ. ಅದರ ರೋಧ ಒಂದು ಲಕ್ಷ ಓಮ್‌ವರೆಗೂ ಇರಬಹುದು. ನೀರು, ಅದರಲ್ಲೂ ಬೆವರಿನಂಥ ಉಪ್ಪುನೀರು ತಾಗಿದರೆ ರೋಧ ಕುಸಿಯುತ್ತದೆ. ಸ್ವಿಚ್ಚಿನ ಹತ್ತಿರ ಅಪಾಯ ತರುವ ಇದೇ ಗುಣವನ್ನು ಐಂಥೋವನ್ ಉಪಯೋಗಕ್ಕೆ ತೆಗೆದುಕೊಂಡರು. ರೋಗಿ ಕುರ್ಚಿಯ ಮೇಲೆ ಕುಳಿತು ಎರಡು ಕೈ ಮತ್ತು ಎಡಗಾಲನ್ನು ಉಪ್ಪುನೀರು ತುಂಬಿದ ದೊಡ್ಡ ಪಾತ್ರೆಗಳಲ್ಲಿ ಮುಳುಗಿಸಬೇಕು. ಚರ್ಮದ ಹೆಚ್ಚು ಭಾಗ ನೀರಿಗೆ ತಾಗುವುದರಿಂದ ರೋಧ ಇನ್ನೂ ಕಡಿಮೆಯಾಗುತ್ತದೆ. ಹಳೆಯ ಫೋಟೋಗಳಲ್ಲಿ ಕೋಟು ತೊಟ್ಟ ದೊಡ್ಡ ಮನುಷ್ಯರು ತೋಳು ಮಡಚಿ, ಒಂದು ಕಾಲಿನ ಪ್ಯಾಂಟು ಮೇಲಕ್ಕೆತ್ತಿ, ಪಾತ್ರೆಗಳಲ್ಲಿ ಕೈಕಾಲು ಇಳಿಬಿಟ್ಟು ಗಂಭೀರವಾಗಿ ಕುಳಿತಿರುವುದನ್ನು ನೋಡಬಹುದು.

ಇದು ಅನುಕೂಲದ ಮಾತಷ್ಟೇ ಅಲ್ಲ, ಸತ್ಯದ ಮಾತೂ ಹೌದು. ಒಂದು ಸಣ್ಣ ಲೆಕ್ಕ ಮಾಡೋಣ. ಕೈಕಾಲುಗಳಲ್ಲಿ ಸಿಗುವ ಹೃದಯದ ವಿದ್ಯುತ್ತು ಸುಮಾರು 1 ಮಿಲಿವೋಲ್ಟ್, ಅಂದರೆ ಟಾರ್ಚಿನ ಒಂದು ಸೆಲ್ಲಿನ ಸಾವಿರದ ಐನೂರರಲ್ಲಿ ಒಂದು ಭಾಗ. ದಾರಿಯ ಒಟ್ಟು ರೋಧ 5,000 ಓಮ್ ಎಂದಿಟ್ಟುಕೊಂಡರೆ ಓಮನ ನಿಯಮದಂತೆ ಎಳೆಯಲ್ಲಿ 0.2 ಮೈಕ್ರೋಆಂಪಿಯರ್ ಹರಿಯುತ್ತದೆ. ಕೈ ಅರ್ಧ ನೀರಿನಿಂದ ಹೊರಗೆ ಬಂದು ರೋಧ 10,000 ಓಮ್ ಆದರೆ? ಹರಿಯುವುದು 0.1 ಮೈಕ್ರೋಆಂಪಿಯರ್. ಗೆರೆಯ ಎತ್ತರ ಅರ್ಧಕ್ಕೆ ಇಳಿಯುತ್ತದೆ. ನೋಡಿದವರು ಈ ಮನುಷ್ಯನ ಹೃದಯ ಬಲಹೀನವಾಗಿದೆ ಎನ್ನುತ್ತಾರೆ. ಹೃದಯ ಚೆನ್ನಾಗಿಯೇ ಇದೆ, ಕೆಟ್ಟಿರುವುದು ಸಂಪರ್ಕ!

ಇದಕ್ಕೆ ಆ ಕಾಲದ ಪರಿಹಾರ ಬಹಳ ಸರಳ, ಬಹಳ ಗಟ್ಟಿ. ರೋಗಿ ಪಾತ್ರೆಗಳಲ್ಲಿ ಕೈಯಿಟ್ಟು ಕುಳಿತಿರುವಾಗಲೇ ಅದೇ ದಾರಿಯಲ್ಲಿ ಹೊರಗಿನಿಂದ ಸರಿಯಾಗಿ 1 ಮಿಲಿವೋಲ್ಟ್ ಕೊಡುವುದು. ನೆರಳು ಸರಿಯಾಗಿ 1 ಸೆಂಟಿಮೀಟರ್ ಸರಿಯುವಂತೆ ಎಳೆಯ ಬಿಗಿತವನ್ನು ತಿರುಪಿನಿಂದ ಹೊಂದಿಸುವುದು. ಆಮೇಲೆ ಹೃದಯದ ಗೆರೆಯನ್ನು ದಾಖಲಿಸುವುದು. ಚರ್ಮದ ರೋಧ ಹೆಚ್ಚಿದ್ದರೂ ಕಡಿಮೆಯಿದ್ದರೂ ಅಳತೆ ಒಂದೇ ಆಗುತ್ತದೆ. ಕೊಟ್ಟ 1 ಮಿಲಿವೋಲ್ಟಿಗೆ ನೆರಳು ಅಲುಗಲೇ ಇಲ್ಲವೆಂದರೆ ಎಲ್ಲೋ ದಾರಿ ಕಡಿದಿದೆ ಎಂದು ಅರ್ಥ. ಪಾತ್ರೆಯನ್ನೂ ತಂತಿಯನ್ನೂ ನೋಡಬೇಕು, ರೋಗಿಯ ಬಗ್ಗೆ ಏನೂ ಹೇಳಬಾರದು. ಚರ್ಮವೂ ನೀರೂ ಲೋಹವೂ ಸೇರುವ ಜಾಗದಲ್ಲಿ ತಾನಾಗಿ ಹುಟ್ಟುವ ಇನ್ನೊಂದು ವಿದ್ಯುತ್ತೂ ಇದೆ. ಅದು ಎಳೆಯನ್ನು ಒಂದು ಪಕ್ಕಕ್ಕೆ ತಳ್ಳಿಬಿಡುತ್ತದೆ. ಅದರ ವಿರುದ್ಧವಾಗಿ ಅಷ್ಟೇ ವಿದ್ಯುತ್ತು ಕೊಟ್ಟು ಎಳೆಯನ್ನು ಮಧ್ಯಕ್ಕೆ ತರುವ ಏರ್ಪಾಡೂ ಇತ್ತು.

1 ಮಿಲಿವೋಲ್ಟಿಗೆ 1 ಸೆಂಟಿಮೀಟರ್ ಎಂಬ ಅಳತೆ ಇಂದಿಗೂ ಬದಲಾಗಿಲ್ಲ. ಮನೆಯಲ್ಲಿ ಹಳೆಯ ಇಸಿಜಿ ಕಾಗದವಿದ್ದರೆ ತೆಗೆದು ನೋಡಿ. ಹತ್ತು ಚಿಕ್ಕ ಚೌಕ ಎತ್ತರದ ಒಂದು ಚೌಕಟ್ಟಾದ ಗುರುತು ಗೆರೆಯ ಆರಂಭದಲ್ಲೋ ಕೊನೆಯಲ್ಲೋ ಇರುತ್ತದೆ. ಅದು ಹೃದಯದ್ದಲ್ಲ, ಯಂತ್ರವು ತನ್ನ ಅಳತೆ ಸರಿಯಿದೆ ಎಂದು ಹಾಕಿದ ರುಜು.

ಒಂದೂವರೆ ಕಿಲೋಮೀಟರ್ ತಂತಿ

ಯಂತ್ರವನ್ನು ಆಸ್ಪತ್ರೆಗೆ ಹೊತ್ತೊಯ್ಯಲು ಆಗದು. ಹಾಸಿಗೆ ಹಿಡಿದ ರೋಗಿಗಳನ್ನು ಪ್ರಯೋಗಾಲಯಕ್ಕೆ ತರಲೂ ಆಗದು. ಲೈಡನ್ನಿನ ಆಸ್ಪತ್ರೆ ಒಂದೂವರೆ ಕಿಲೋಮೀಟರ್ ದೂರವಿತ್ತು. ಐಂಥೋವನ್ ಎರಡರ ನಡುವೆ ಟೆಲಿಫೋನ್ ಕೇಬಲ್ ಬಳಸಿದರು. ರೋಗಿ ಆಸ್ಪತ್ರೆಯಲ್ಲಿ, ಕೈಕಾಲು ಉಪ್ಪುನೀರಿನಲ್ಲಿ. ಗೆರೆ ಬರುವುದು ಪ್ರಯೋಗಾಲಯದಲ್ಲಿ. 1905ರ ಮಾರ್ಚ್ 22ರಂದು ಹೀಗೆ ಮೊದಲ ದಾಖಲೆಯಾಯಿತು. ಅಂದು ಪಾತ್ರೆಯಲ್ಲಿ ಕೈಯಿಟ್ಟವರು ಒಬ್ಬ ಗಟ್ಟಿಮುಟ್ಟಾದ ಆರೋಗ್ಯವಂತರು. ಅವರ ಆರ್ ಅಲೆ ಎತ್ತರವಾಗಿದ್ದುದಕ್ಕೆ, ಪ್ರಯೋಗಾಲಯದಿಂದ ಆಸ್ಪತ್ರೆಗೆ ಸೈಕಲ್ ತುಳಿದುಕೊಂಡು ಹೋದದ್ದೇ ಕಾರಣವೆಂದು ಹೇಳಲಾಯಿತು.

ಈ ತಂತಿಯ ಮೂಲಕ ಐಂಥೋವನ್ ಹಲವು ಬಗೆಯ ಹೃದ್ರೋಗಗಳ ಗೆರೆಗಳನ್ನು ಸಂಗ್ರಹಿಸಿ 1906ರಲ್ಲಿ ಪ್ರಕಟಿಸಿದರು. ಇಂದು ನಮ್ಮ ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿ ಜಯದೇವದಂಥ ದೊಡ್ಡ ಆಸ್ಪತ್ರೆಗೆ ಹೋಗಿ, ತಜ್ಞರ ಸಲಹೆಯಂತೆ ಇಲ್ಲಿಯೇ ಚಿಕಿತ್ಸೆ ಶುರುವಾಗುತ್ತದೆ. ಇದರ ಹಿರಿಯಜ್ಜ ಎಂದರೆ ಲೈಡನ್ನಿನ ಆ ಒಂದೂವರೆ ಕಿಲೋಮೀಟರ್ ತಂತಿ. ನೋಡುವವರು ದೂರದಲ್ಲಿದ್ದಷ್ಟೂ ಹಾಸಿಗೆಯ ಪಕ್ಕದ ಸಂಪರ್ಕ ಸರಿಯಾಗಿರಬೇಕಾದ ಅಗತ್ಯ ಹೆಚ್ಚುತ್ತದೆ. ದೂರದಲ್ಲಿ ಕುಳಿತವರಿಗೆ ಕಾಣುವುದು ಗೆರೆ ಮಾತ್ರ, ಕಳಚಿದ ವೈರು ಕಾಣುವುದಿಲ್ಲ.

ಯಂತ್ರವನ್ನು ಹಲವು ಕಡೆ ತಲುಪಿಸಲು ಐಂಥೋವನ್ ಮೊದಲು ಮ್ಯೂನಿಕ್‌ನ ಎಡೆಲ್‌ಮನ್ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡರು. ಸ್ವಲ್ಪ ಕಾಲದ ನಂತರ ಅವರು ಗೌರವಧನ ಕೊಡುವುದನ್ನು ನಿಲ್ಲಿಸಿದರು. ಆಮೇಲೆ ಇಂಗ್ಲೆಂಡಿನ ಕೇಂಬ್ರಿಡ್ಜ್ ಸೈಂಟಿಫಿಕ್ ಇನ್‌ಸ್ಟ್ರುಮೆಂಟ್ ಕಂಪನಿ ಕೈಜೋಡಿಸಿತು. ಚಾರ್ಲ್ಸ್ ಡಾರ್ವಿನ್ ಅವರ ಮಗ ಹೊರೇಸ್ ಡಾರ್ವಿನ್ ಅದರ ಸ್ಥಾಪಕರಲ್ಲೊಬ್ಬರು. ಅವರು ಯಂತ್ರವನ್ನು ಮೇಜಿನ ಮೇಲೆ ಕೂರುವಷ್ಟು ಚಿಕ್ಕದು ಮಾಡಿದರು. ಲಂಡನ್ನಿನ ವೈದ್ಯ ಥಾಮಸ್ ಲೂಯಿಸ್ ಅದನ್ನು ರೋಗಿಗಳ ಮೇಲೆ ಬಳಸಿ, ಹೃದಯದ ಬಡಿತ ತಾಳ ತಪ್ಪುವ ಕಾಯಿಲೆಗಳನ್ನು ಬಿಡಿಸಿ ತೋರಿಸಿದರು. ತಮ್ಮ ಸಾಧನಕ್ಕೆ ವೈದ್ಯಲೋಕದಲ್ಲಿ ಬೆಲೆ ಬಂದದ್ದರಲ್ಲಿ ಲೂಯಿಸ್ ಅವರ ಪಾಲು ದೊಡ್ಡದೆಂದು ಐಂಥೋವನ್ ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದರು.

ನೊಬೆಲ್ ಮತ್ತು ಕೊನೆಯ ದಿನಗಳು

1924ರಲ್ಲಿ ಐಂಥೋವನ್ ಅವರಿಗೆ ವೈದ್ಯವಿಜ್ಞಾನದ ನೊಬೆಲ್ ಪ್ರಶಸ್ತಿ ಬಂತು. ಸುದ್ದಿ ಬಂದಾಗ ಅವರು ಉಪನ್ಯಾಸಗಳಿಗಾಗಿ ಅಮೆರಿಕದ ಪ್ರವಾಸದಲ್ಲಿದ್ದರು. ಆಗಲೇ ಅವರ ವಯಸ್ಸು 64. ಅಷ್ಟಾದರೂ ಪ್ರಯೋಗ ಬಿಡಲಿಲ್ಲ. ಮಗ ವಿಲೆಮ್ ಫ್ರೆಡೆರಿಕ್ ವಿದ್ಯುತ್ ಎಂಜಿನಿಯರ್ ಆಗಿದ್ದರು. ತಂದೆ ಮಗ ಸೇರಿ ಎಳೆಯನ್ನು ಗಾಳಿಯಿಲ್ಲದ ಜಾಗದಲ್ಲಿಟ್ಟು ಇನ್ನಷ್ಟು ಸೂಕ್ಷ್ಮವಾದ ಗ್ಯಾಲ್ವನೋಮೀಟರ್ ಮಾಡಿದರು. ಅದನ್ನು ರೇಡಿಯೋ ತಂತಿ ಸಂದೇಶಗಳನ್ನು ಹಿಡಿಯಲು ಬಳಸಲಾಯಿತು. ಆ ಸಂದೇಶಗಳು ಬರುತ್ತಿದ್ದದ್ದು ಜಾವಾದಿಂದ, ಅವರು ಹುಟ್ಟಿದ ದ್ವೀಪದಿಂದ.

1927ರ ಸೆಪ್ಟೆಂಬರ್ 29ರಂದು, 67ನೇ ವಯಸ್ಸಿನಲ್ಲಿ, ಅವರು ಲೈಡನ್ನಿನಲ್ಲಿ ನಿಧನರಾದರು.

ಇಂದಿನ ಯಂತ್ರಗಳು ಹೇಗೆ ಕೇಳುತ್ತವೆ?

ಐಂಥೋವನ್ ನಂತರ ಉಪ್ಪುನೀರಿನ ಪಾತ್ರೆ ಹೋಗಿ ಲೋಹದ ತಗಡು ಬಂತು, ರಬ್ಬರ್ ಬಟ್ಟಲು ಬಂತು, ಈಗ ಅಂಟಿಸಿ ಬಿಸಾಡುವ ಎಲೆಕ್ಟ್ರೋಡ್ ಬಂದಿದೆ. ಅದರ ನಡುವೆ ಇರುವ ಜೆಲ್ ಕೂಡ ಉಪ್ಪಿನದೇ. ಪಾತ್ರೆ ಚಿಕ್ಕದಾಯಿತು, ತತ್ವ ಬದಲಾಗಲಿಲ್ಲ. ಬೆಣಚುಕಲ್ಲಿನ ಎಳೆಯ ಜಾಗದಲ್ಲಿ ಉಗುರಿನಷ್ಟಗಲದ ಚಿಪ್ಪು ಬಂದಿದೆ. ಅದು ಮೈಯಿಂದ ವಿದ್ಯುತ್ತನ್ನು ಎಳೆದುಕೊಳ್ಳುವುದೇ ಇಲ್ಲ ಎನ್ನಬಹುದು. ಆದ್ದರಿಂದ ಚರ್ಮದ ರೋಧ ಸ್ವಲ್ಪ ಹೆಚ್ಚಾದರೂ ಗೆರೆಯ ಎತ್ತರ ಕುಗ್ಗುವುದಿಲ್ಲ. ಆದರೆ ಹೊಸ ತೊಂದರೆ ಇದೆ. ಒಂದು ಎಲೆಕ್ಟ್ರೋಡಿನ ಜೆಲ್ ಒಣಗಿ ಇನ್ನೊಂದರದು ಹಸಿಯಾಗಿದ್ದರೆ ಗೋಡೆಯ ವೈರಿಂಗಿನ 50 ಹರ್ಟ್ಸ್ ಗುಂಯ್‌ಗುಡುವಿಕೆ ಗೆರೆಯೊಳಗೆ ಸೇರುತ್ತದೆ. ಪೂರ್ತಿ ಕಳಚಿದರೆ ವೈರು ಗಾಳಿಯಲ್ಲಿ ನೇತಾಡುತ್ತಾ ಸುಳ್ಳು ಗೆರೆ ಬರೆಯುತ್ತದೆ. ಕೆಲವೊಮ್ಮೆ ನೇರ ಗೆರೆ, ಕೆಲವೊಮ್ಮೆ ಹುಚ್ಚು ಕುಣಿತ.

ಕಳಚಿದ್ದನ್ನು ಹಿಡಿಯುವ ಮೊದಲ ಉಪಾಯ ಹೀಗಿದೆ. ಪ್ರತಿ ವೈರಿನ ಮೂಲಕವೂ ಅತಿ ಅಲ್ಪವಾದ ನೇರ ವಿದ್ಯುತ್ತನ್ನು ಸದಾ ಕಳಿಸುತ್ತಿರುವುದು. ಅದು ಕೆಲವೇ ನ್ಯಾನೋಆಂಪಿಯರ್, ಅಂದರೆ ಆಂಪಿಯರಿನ ನೂರು ಕೋಟಿ ಭಾಗದಲ್ಲಿ ಕೆಲವು ಭಾಗ. ರೋಗಿಗೆ ಅದು ತಿಳಿಯುವುದೂ ಇಲ್ಲ, ತೊಂದರೆಯೂ ಇಲ್ಲ. ಎಲೆಕ್ಟ್ರೋಡ್ ಅಂಟಿದ್ದರೆ ಅದು ಮೈಯೊಳಗೆ ಹರಿದು ಹೋಗುತ್ತದೆ. ಕಳಚಿದ್ದರೆ ಹರಿಯಲು ದಾರಿಯಿಲ್ಲ. ಕಾಲುವೆಯ ಬಾಯಿ ಮುಚ್ಚಿದಾಗ ತೊಟ್ಟಿಯಲ್ಲಿ ನೀರು ಏರಿದಂತೆ ವೈರಿನ ವೋಲ್ಟೇಜು ಮೇಲಕ್ಕೇರಿ ಮಿತಿ ಮುಟ್ಟುತ್ತದೆ. ಆಗ ಚಿಪ್ಪು ಸಂಪರ್ಕ ತಪ್ಪಿದೆ ಎಂದು ಹೇಳುತ್ತದೆ.

ಇದರಿಂದ ಇದೆ ಅಥವಾ ಇಲ್ಲ ಎಂದಷ್ಟೇ ತಿಳಿಯುತ್ತದೆ. ಎಷ್ಟು ಚೆನ್ನಾಗಿದೆ ಎಂದು ತಿಳಿಯುವುದಿಲ್ಲ. ಏಕೆಂದರೆ ಹಿಂದೆ ಹೇಳಿದ, ಜೆಲ್ ಮತ್ತು ಲೋಹದ ನಡುವೆ ತಾನಾಗಿ ಹುಟ್ಟುವ ವೋಲ್ಟೇಜು ಇಲ್ಲೂ ಅಡ್ಡ ಬರುತ್ತದೆ. ಹೃದಯದ್ದು 1 ಮಿಲಿವೋಲ್ಟ್ ಆದರೆ ಇದು 300 ಮಿಲಿವೋಲ್ಟ್‌ವರೆಗೂ ಇರಬಹುದೆಂದು ಭಾವಿಸಿಯೇ ಯಂತ್ರ ಮಾಡುತ್ತಾರೆ. ಅದಕ್ಕೆ ಎರಡನೆಯ ಉಪಾಯ. ಹೃದಯದ ಅಲೆಗಳಲ್ಲಿ ಇಲ್ಲದಷ್ಟು ಬೇಗ ಹಿಂದೆ ಮುಂದೆ ಆಡುವ ಪರ್ಯಾಯ ವಿದ್ಯುತ್ತನ್ನು ಕಳಿಸಿ, ಅದೇ ವೇಗದ ವೋಲ್ಟೇಜು ಎಷ್ಟು ಬಂತೆಂದು ಮಾತ್ರ ಅಳೆಯುವುದು. ವೋಲ್ಟೇಜನ್ನು ಕಳಿಸಿದ ವಿದ್ಯುತ್ತಿನಿಂದ ಭಾಗಿಸಿದರೆ ಇಂಪೀಡೆನ್ಸ್ ಸಿಗುತ್ತದೆ. ಪರ್ಯಾಯ ವಿದ್ಯುತ್ತಿಗೆ ದಾರಿಯಲ್ಲಿ ಎದುರಾಗುವ ಒಟ್ಟು ಅಡ್ಡಿಗೆ ಈ ಹೆಸರು. ಇದೂ ಓಮನ ನಿಯಮದ ಮಗುವೇ. ಈ ಸಂಖ್ಯೆ ನಿಧಾನವಾಗಿ ಏರುತ್ತಿದ್ದರೆ ಜೆಲ್ ಒಣಗುತ್ತಿದೆ, ಅಂಚು ಏಳುತ್ತಿದೆ ಎಂದು ಕಳಚುವ ಮೊದಲೇ ಗೊತ್ತಾಗುತ್ತದೆ. ಉಸಿರಾಡುವಾಗ ಎದೆಯ ಇಂಪೀಡೆನ್ಸ್ ಕೊಂಚ ಏರಿಳಿಯುವುದರಿಂದ ಇದೇ ವಿಧಾನದಲ್ಲಿ ನಿಮಿಷಕ್ಕೆ ಎಷ್ಟು ಉಸಿರು ಎಂದೂ ಎಣಿಸಬಹುದು.

ಇಲ್ಲಿ ಐಂಥೋವನ್ ಅವರ ಇನ್ನೊಂದು ಕೊಡುಗೆ ನಮ್ಮ ಕೈ ಹಿಡಿಯುತ್ತದೆ. ಎರಡು ಕೈ, ಒಂದು ಎಡಗಾಲು ಸೇರಿ ಒಂದು ತ್ರಿಕೋನ ಎಂದು ಅವರು ಭಾವಿಸಿದರು. ಬಲಗೈ ಎಡಗೈ ನಡುವಿನದು ಒಂದನೇ ಲೀಡ್, ಬಲಗೈ ಎಡಗಾಲು ನಡುವಿನದು ಎರಡನೇ ಲೀಡ್, ಎಡಗೈ ಎಡಗಾಲು ನಡುವಿನದು ಮೂರನೇ ಲೀಡ್. ಒಂದನ್ನೂ ಮೂರನ್ನೂ ಕೂಡಿದರೆ ಯಾವ ಕ್ಷಣದಲ್ಲೂ ಎರಡು ಬರುತ್ತದೆ. ಈಗ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಒಂದು ಮತ್ತು ಎರಡನೇ ಗೆರೆ ಕೆಟ್ಟಿವೆ, ಮೂರನೆಯದು ಚೆನ್ನಾಗಿದೆ. ಯಾವ ಎಲೆಕ್ಟ್ರೋಡ್ ಕಳಚಿದೆ? ಕೆಟ್ಟ ಎರಡರಲ್ಲೂ ಇದ್ದು ಒಳ್ಳೆಯದರಲ್ಲಿ ಇಲ್ಲದಿರುವುದು ಬಲಗೈ. ಹಾಗೆಯೇ ಎರಡನೆಯದು ಮಾತ್ರ ಉಳಿದಿದ್ದರೆ ಎಡಗೈ, ಒಂದನೆಯದು ಮಾತ್ರ ಉಳಿದಿದ್ದರೆ ಎಡಗಾಲು. ಚಿಪ್ಪು ಏನೂ ಹೇಳದಿದ್ದರೂ ಕಾಗದ ನೋಡಿಯೇ ದಾದಿಯವರು ಯಾವ ವೈರು ಸರಿಪಡಿಸಬೇಕೆಂದು ತಿಳಿಯಬಹುದು.

ಇಷ್ಟೆಲ್ಲ ಇದ್ದರೂ ತೀರ್ಮಾನ ಸುಲಭವಲ್ಲ. ರೋಗಿ ಮಗ್ಗುಲು ಬದಲಿಸಿದಾಗ ಒಂದು ಕ್ಷಣ ಸಂಪರ್ಕ ತಪ್ಪಿ ಮತ್ತೆ ಕೂಡುತ್ತದೆ. ಪ್ರತಿ ಸಲವೂ ಯಂತ್ರ ಕಿರುಚಿದರೆ ದಾದಿಯರು ಬೇಸತ್ತು ನಿಜವಾದ ಕೂಗನ್ನೂ ಕಡೆಗಣಿಸುವ ಅಪಾಯವಿದೆ. ಹಾಗೆಂದು ಬಹಳ ಹೊತ್ತು ಕಾದರೆ, ಆ ಹೊತ್ತಿನಲ್ಲಿ ಹೃದಯಕ್ಕೆ ಏನಾದರೂ ಆದರೆ ನೋಡುವವರೇ ಇಲ್ಲ. ಆದ್ದರಿಂದ ಸಂಪರ್ಕ ತಪ್ಪಿದ್ದಕ್ಕೆ ಒಂದು ಸೂಚನೆ, ಹೃದಯ ನಿಂತದ್ದಕ್ಕೆ ಬೇರೆಯೇ ಆದ ದೊಡ್ಡ ಸೂಚನೆ ಇಡುತ್ತೇವೆ. ಸಂಪರ್ಕ ತಪ್ಪಿರುವಾಗ ಯಂತ್ರ ಹೃದಯದ ಬಡಿತದ ಸಂಖ್ಯೆಯನ್ನೇ ತೋರಿಸಬಾರದು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳುವ ಯಂತ್ರವೇ ನಂಬಬಹುದಾದ ಯಂತ್ರ.

ನಮ್ಮ ತೋಟದ ಪಂಪ್‌ಸೆಟ್ ಓಡುತ್ತಿಲ್ಲವೆಂದರೆ ಬೋರ್‌ವೆಲ್ ಬತ್ತಿದೆ ಎಂದು ಯಾರೂ ತಕ್ಷಣ ಕೈಬಿಡುವುದಿಲ್ಲ. ಮೊದಲು ಫ್ಯೂಸು, ಸ್ಟಾರ್ಟರ್, ವೈರು ನೋಡುತ್ತಾರೆ. ನಮ್ಮ ರೈತರಿಗೆ ಈ ವಿವೇಕ ರೂಢಿಯಿಂದ ಬಂದಿದೆ. ಐಂಥೋವನ್ ಅದನ್ನು ಮನುಷ್ಯನ ಹೃದಯದ ಅಳತೆಗೆ ತಂದರು. ಎಲ್ಲರಿಗಿಂತ ಸೂಕ್ಷ್ಮವಾದ ಎಳೆಯನ್ನು ಕಟ್ಟಿದ ಮೇಲೂ, ಆ ಎಳೆ ಹೇಳಿದ್ದನ್ನು ಪರೀಕ್ಷಿಸದೆ ಅವರು ನಂಬಲಿಲ್ಲ. ಮೊದಲು ಸಂಪರ್ಕ ಅಳೆ, ಆಮೇಲೆ ಹೃದಯ ಅಳೆ ಎಂಬುದೇ ಅವರ ಕೆಲಸದಿಂದ ನಾನು ಕಲಿತದ್ದು.

ಈಗ ಈ ಶಾಲೆಯಲ್ಲಿ ಓದುತ್ತಿರುವ ಮಕ್ಕಳಿಗೆ ಒಂದು ಮಾತು. ಓಮನ ನಿಯಮ, ಎಡಗೈ ನಿಯಮ, ಉಪ್ಪುನೀರಿನಲ್ಲಿ ವಿದ್ಯುತ್ ಹರಿಯುವ ಪ್ರಯೋಗ, ಇವು ಮೂರೂ ನಿಮ್ಮ ಪಠ್ಯಪುಸ್ತಕದಲ್ಲಿವೆ. ಇಸಿಜಿ ಹುಟ್ಟಿದ್ದು ಈ ಮೂರರಿಂದಲೇ. ಪರೀಕ್ಷೆಯ ಅಂಕಕ್ಕಾಗಿ ಅವುಗಳನ್ನು ಓದಿ, ತಪ್ಪಿಲ್ಲ. ಆದರೆ ಮುಂದಿನ ಸಲ ಲ್ಯಾಬಿನಲ್ಲಿ ಮೀಟರಿನ ಮುಳ್ಳು ಅಲುಗದಿದ್ದರೆ ವಹಿಯಲ್ಲಿ ಸೊನ್ನೆ ಎಂದು ಬರೆಯುವ ಮೊದಲು ಒಮ್ಮೆ ತಂತಿಗಳನ್ನು ಮುಟ್ಟಿ ನೋಡಿ. ನಿಮ್ಮ ಮೇಷ್ಟ್ರು ಬೈಯುವುದಿಲ್ಲ, ಸಂತೋಷಪಡುತ್ತಾರೆ.